ಕಾರ್ಡಿನ ಸಾಲವೂ ಅತ್ತೆಯ ಮುಯ್ಯಿಯೂ

ಸಾಲ ಇರುವ ಮನೆಯಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ, ಅವರು ಇನ್ನೂ ಸರಿಯಾಗಿ ಸಾಲ ಮಾಡಿಲ್ಲ ಅಂತಲೇ ಅರ್ಥ. ಮನುಷ್ಯ ಹೆದರಿದಷ್ಟೂ ಪೆದ್ದನಾಗುತ್ತಾನೆ, ಪೆದ್ದನಾದಷ್ಟೂ ಇಂಥ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ಮೂರು ಕ್ರೆಡಿಟ್ ಕಾರ್ಡುಗಳ ಸಾಲವನ್ನು ಯಾರಿಗೂ ಹೇಳದೆ ಒಬ್ಬಳೇ ತೀರಿಸಲು ಹೊರಟ ನನ್ನನ್ನಂತೂ ಅವು ಬಿಟ್ಟೂಬಿಡದೆ ಹುಡುಕಿಕೊಂಡು ಬಂದಿವೆ.

ನಾನು ಹಲಸೂರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಬಂದವರನ್ನು ಕೂರಿಸುವುದು, ಒಳಗಿನ ಕಿರುಚಾಟ ಹೊರಗಿನವರಿಗೆ ಕೇಳದಂತೆ ಟೀವಿ ಜೋರು ಮಾಡುವುದು, ಕೊನೆಗೆ ದುಡ್ಡು ಇಸಿದುಕೊಳ್ಳುವುದು ನನ್ನ ಕೆಲಸ. ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು, ಅತ್ತೆ. ಗಂಡನಿಗೆ ವಿಮಾನಪುರದ ಕಡೆ ಕಾರ್ಖಾನೆಯಲ್ಲಿ ಕೆಲಸ. ಅವರಿಗೆ ನಾನು ಹೆದರುವುದಿಲ್ಲ. ಹೆದರುವುದು ಅತ್ತೆಗೆ.

ಅತ್ತೆ ಬೈಯುವವರಲ್ಲ. ಬೈಯುವವರಾಗಿದ್ದರೆ ಭಯವೇ ಇರುತ್ತಿರಲಿಲ್ಲ. ನನ್ನ ಮೈದುನ ಸಾಲ ಮಾಡಿ ಕಾರು ತಂದಾಗ ಅವರು ಒಂದು ಮಾತೂ ಆಡಲಿಲ್ಲ. ಆರತಿ ಎತ್ತಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಆಮೇಲೆ ಇವತ್ತಿನವರೆಗೂ ಆ ಕಾರು ಹತ್ತಿಲ್ಲ, ಆ ಮಗನ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಿಲ್ಲ. ಎಲ್ಲರೂ ಕಾರಿನಲ್ಲಿ ಹೋದರೆ ಇವರು ಹಿಂದಿನಿಂದ ಬಸ್ಸಿನಲ್ಲಿ ಬರುತ್ತಾರೆ. ನನಗೆ ಚಿಕ್ಕಂದಿನಲ್ಲೇ ತಾಯಿ ಹೋದರು. ನನ್ನ ತಲೆಗೆ ಎಣ್ಣೆ ಒತ್ತಿದ್ದು, ಬಾಣಂತನ ಮಾಡಿದ್ದು ಎಲ್ಲ ಅತ್ತೆಯೇ. ಅವರು ನನ್ನ ಕೈಯ ನೀರನ್ನೂ ಬಿಟ್ಟುಬಿಟ್ಟರೆ ಅನ್ನುವುದೇ ನನ್ನ ಭಯ.

ಬೆಳ್ಳಿ ಬಟ್ಟಲು

ಅತ್ತೆಯ ಕಡೆಯವರೆಲ್ಲ ಕೆ.ಆರ್. ಪುರದ ಆಚೀಚಿನ ಹಳೆಯ ಹಳ್ಳಿಗಳವರು. ಈಗ ಹಳ್ಳಿಗಳಿಲ್ಲ, ಅವುಗಳ ಹೆಸರು ಬಸ್ಸಿನ ಬೋರ್ಡಿನಲ್ಲಿ ಉಳಿದಿದೆ. ನೆಂಟರೆಲ್ಲ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಬೆಳೆದುಕೊಂಡು ಆರಾಮಾಗಿದ್ದಾರೆ. ನಮ್ಮ ಮಾವನವರು ಮಾತ್ರ ಎಲ್ಲರಿಗಿಂತ ಮೊದಲೇ, ಎಲ್ಲರಿಗಿಂತ ಅಗ್ಗಕ್ಕೆ ಹೊಲ ಮಾರಿ ಪುಣ್ಯ ಕಟ್ಟಿಕೊಂಡರು. ಹೊಲ ಹೋಯಿತು, ನೆಂಟಸ್ತಿಕೆ ಹೋಗಲಿಲ್ಲ. ನೆಂಟಸ್ತಿಕೆ ಇದ್ದಮೇಲೆ ಮುಯ್ಯಿ ಇರಲೇಬೇಕು.

ಮುಯ್ಯಿಯನ್ನು ಉಡುಗೊರೆ ಅಂದುಕೊಂಡವರು ಮೋಸ ಹೋದರು. ಅವರು ನಮ್ಮ ಮನೆಯ ಶುಭಕಾರ್ಯಕ್ಕೆ ಕೊಟ್ಟದ್ದನ್ನು ನಾವು ಅವರ ಮನೆಯ ಶುಭಕಾರ್ಯದಲ್ಲಿ ಒಂದು ಕೈ ಮೇಲಾಗಿ ತೀರಿಸಬೇಕು. ಆಮೇಲೆ ಅವರು ಅದಕ್ಕಿಂತ ಒಂದು ಕೈ ಮೇಲೆ. ಸ್ಟೀಲ್ ಡಬ್ಬಿಯಲ್ಲಿ ಶುರುವಾದದ್ದು ಬೆಳ್ಳಿಗೆ ಬಂದು ನಿಂತಿತ್ತು. ಅತ್ತೆಗೆ ತಲೆ ತಗ್ಗಿಸುವಂತಾಗಬಾರದು ಅಂತ ನನ್ನ ಹಟ. ಆ ಹೊತ್ತಿಗೆ ಸರಿಯಾಗಿ ಇಂದಿರಾನಗರದ ಒಂದು ಅಂಗಡಿಯ ಬಾಗಿಲಲ್ಲಿ ಟೈ ಕಟ್ಟಿಕೊಂಡಿದ್ದವನೊಬ್ಬ, ‘ಮ್ಯಾಮ್, ಲೈಫ್‌ಟೈಮ್ ಫ್ರೀ’ ಅಂತ ಮೊದಲ ಕಾರ್ಡನ್ನು ಕೈಗಿಟ್ಟ. ಲೈಫ್‌ಟೈಮ್ ಅಂದದ್ದು ನಿಜವಾಯಿತು.

ಅತ್ತೆಯ ತಮ್ಮನ ಮಗಳ ಮದುವೆಗೆ ಒಂದು ಬೆಳ್ಳಿ ಬಟ್ಟಲನ್ನು ಆ ಕಾರ್ಡಿನಲ್ಲಿ, ಕಂತಿಗೆ ತಂದೆ. ತಳದಲ್ಲಿದ್ದ ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದರೂ ಅರ್ಧ ಬರಲೇ ಇಲ್ಲ. ಇರಲಿ, ಬೆಲೆ ಗೊತ್ತಾದರೆ ಒಳ್ಳೆಯದೇ ಅಂತ ಹಾಗೇ ಕೊಟ್ಟೆ. ಕೆಲವು ತಿಂಗಳ ಮೇಲೆ, ಆಗ ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ದೊಡ್ಡವಳಾದಳು ಅಂತ ಆರತಿ ಮಾಡಿದಾಗ ನೆಂಟರೊಬ್ಬರು ಗತ್ತಿನಿಂದ ಬಂದು ಒಂದು ಬೆಳ್ಳಿ ಬಟ್ಟಲನ್ನು ತಟ್ಟೆಯಲ್ಲಿಟ್ಟರು. ತಿರುಗಿಸಿ ನೋಡಿದೆ. ತಳದಲ್ಲಿ ಅದೇ ಅರ್ಧ ಚೀಟಿ. ಎಷ್ಟು ಮನೆ ಸುತ್ತಿತ್ತೋ, ಅಂತೂ ತವರುಮನೆಗೆ ವಾಪಸ್ ಬಂದಿತ್ತು.

ಅತ್ತೆ ಕಿವಿಯಲ್ಲಿ ಹೇಳಿದರು: ‘ಭಾರಿ ಮುಯ್ಯಿ ಕಣೇ. ಇದಕ್ಕಿಂತ ಒಂದು ಕೈ ಮೇಲೆ ತೀರಿಸ್ಬೇಕು ನಾವು.’

ಅದರ ಕಂತು ಇನ್ನೂ ಅರ್ಧ ಬಾಕಿ ಇತ್ತು.

ಮಿನಿಮಮ್

ಕಾರ್ಡುಗಳು ಮೂರಾದಾಗಲೂ ನನಗೆ ಭಯವಿರಲಿಲ್ಲ. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಅಂತ ಒಂದು ಸಣ್ಣ ಮೊತ್ತ ಇರುತ್ತದಲ್ಲ, ಅದನ್ನು ತಪ್ಪದೆ ಕಟ್ಟುತ್ತಿದ್ದೆ. ಪಾಪ, ನಮ್ಮಂಥವರ ಕಷ್ಟ ನೋಡಿ ಬ್ಯಾಂಕಿನವರೇ ಮಾಡಿದ ರಿಯಾಯಿತಿ ಅಂದುಕೊಂಡಿದ್ದೆ. ಒಂದು ದಿನ ಸಾಲ ಎಷ್ಟು ಇಳಿದಿದೆ ಅಂತ ಕೇಳಿಕೊಂಡು ಬರೋಣ ಅಂತ ಊಟದ ಬಿಡುವಿನಲ್ಲಿ ಬ್ಯಾಂಕಿಗೇ ಹೋದೆ.

ಅಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ, ‘ಇಳಿದಿಲ್ಲ ಮೇಡಂ, ಸ್ವಲ್ಪ ಏರಿದೆ’ ಅಂದರು.

‘ಒಂದು ತಿಂಗಳೂ ತಪ್ಪಿಸಿಲ್ವಲ್ಲ ನಾನು!’

‘ನೀವು ಕಟ್ಟೋದು ಬಡ್ಡಿಗೇ ಸರಿಹೋಗ್ತಿದೆ. ಅಸಲು ಹಾಗೇ ಇದೆ. ಹೊಸದಾಗಿ ಬೇರೆ ಖರ್ಚು ಮಾಡ್ತಿದೀರ.’

‘ಹೀಗೇ ಕಟ್ಕೊಂಡು ಹೋದ್ರೆ ಯಾವಾಗ ತೀರುತ್ತೆ?’ ಅಂತ ಕೇಳಿದೆ.

ಆಕೆ ಏನೇನೋ ಒತ್ತಿದರು, ಹುಬ್ಬು ಗಂಟಿಕ್ಕಿದರು, ಮತ್ತೊಮ್ಮೆ ಒತ್ತಿದರು. ಆಮೇಲೆ ಕನ್ನಡಕ ತೆಗೆದು ತುಂಬ ಮೃದುವಾಗಿ ಕೇಳಿದರು:

‘ನಿಮಗೆ ಮಕ್ಕಳಿದಾರಾ ಮೇಡಂ?’

ಟೈಲರ್

ಅವತ್ತು ಕ್ಲಿನಿಕ್ಕಿನ ಕತ್ತರಿಯಿಂದಲೇ ಮೂರೂ ಕಾರ್ಡು ಕತ್ತರಿಸಿದೆ. ಎಲ್ಲಕ್ಕಿಂತ ಚಿಕ್ಕ ಸಾಲವನ್ನು ಮೊದಲು ಪೂರ್ತಿ ತೀರಿಸುವುದು, ಅದು ಮುಗಿದಮೇಲೆ ಆ ದುಡ್ಡನ್ನೂ ಸೇರಿಸಿ ಮುಂದಿನದಕ್ಕೆ ಕೈಹಾಕುವುದು ಅಂತ ಲೆಕ್ಕ ಹಾಕಿಕೊಂಡೆ. ಸಂಜೆ ಹೊತ್ತು ಇನ್ನೊಂದು ಕ್ಲಿನಿಕ್ಕಿನ ಬಿಲ್ಲಿನ ಕೆಲಸ ಹಿಡಿದೆ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಒಂದಕ್ಕೆ ಪೂರ್ತಿ ಸುರಿದ ತಿಂಗಳು ಇನ್ನೊಂದಕ್ಕೆ ತಡವಾಗುತ್ತಿತ್ತು. ತಡವಾದರೆ ಫೋನು.

ಆ ಫೋನಿನ ಭಯ ಅನುಭವಿಸಿದವರಿಗೇ ಗೊತ್ತು. ಗುರುತಿಲ್ಲದ ನಂಬರು ಕಂಡರೆ ಫೋನನ್ನು ದಿಂಬಿನ ಕೆಳಗೆ ತುರುಕುತ್ತಿದ್ದೆ. ಮನೆಯಲ್ಲಿ ಗೊತ್ತಾಗಬಾರದು ಅಂತ ವಸೂಲಿಯವನ ನಂಬರಿಗೆ ‘ಟೈಲರ್’ ಅಂತ ಹೆಸರಿಟ್ಟೆ.

ಒಂದು ಭಾನುವಾರ ನಾನು ಸ್ನಾನದ ಮನೆಯಲ್ಲಿದ್ದೆ. ಫೋನ್ ಬಡಿದುಕೊಂಡಿತು. ‘ನಿನ್ನ ಟೈಲರ್ ಕಣೇ, ನಾನೇ ಮಾತಾಡ್ತೀನಿ’ ಅಂತ ಗಂಡ ಕೂಗಿದರು. ತಲೆಯ ತುಂಬ ಸೋಪು. ಬಾಗಿಲ ಚಿಲಕ ಹಿಡಿದುಕೊಂಡು ಹಾಗೇ ನಿಂತೆ.

‘ಏನ್ರೀ, ಬಾಯ್ಬಿಟ್ರೆ ದುಡ್ಡು ದುಡ್ಡು ಅಂತೀರಾ? ಕೊಡ್ತೀವಿ ಅಂದ ದಿನಕ್ಕೆ ನೀವು ಯಾವತ್ತು ಕೊಟ್ಟಿದೀರ? ... ಏನು? ಕೇಸ್ ಹಾಕ್ತೀರಾ? ಹಾಕ್ರೀ ನೋಡೋಣ! ನಾನೇ ಹಾಕ್ತೀನಿ ನಿಮ್ಮ ಮೇಲೆ! ತೋಳು ಎಷ್ಟು ಬಿಗಿ ಹೊಲ್ದಿದೀರ ಅಂದ್ರೆ ನನ್ನ ಹೆಂಡ್ತಿಗೆ ಕೈ ಎತ್ತಕ್ಕಾಗ್ತಿಲ್ಲ! ... ಹಲೋ? ಹಲೋ?’

ಆಚೆ ಬಂದಾಗ ಗಂಡ ಮೀಸೆ ತಿರುವುತ್ತಿದ್ದರು. ‘ಸರಿಯಾಗಿ ಬಿಟ್ಟೆ ನೋಡು. ಇನ್ಮೇಲೆ ಅವನ ಹತ್ರ ಹೊಲಿಸ್ಬೇಡ. ತಲೆ ಸರಿ ಇಲ್ಲ ಅವನಿಗೆ.’

ವಸೂಲಿಯವನು ಆಮೇಲೂ ಫೋನ್ ಮಾಡುತ್ತಿದ್ದ. ಆದರೆ ಜೋರು ಇಳಿದಿತ್ತು. ಪ್ರತಿಸಲ ದನಿ ತಗ್ಗಿಸಿ ಮೊದಲು ಒಂದು ಮಾತು ಕೇಳುತ್ತಿದ್ದ:

‘ಮೇಡಂ, ಸರ್ ಮನೇಲಿ ಇಲ್ಲ ತಾನೆ?’

ಊದಿದ ಕೆನ್ನೆ

ಆಮೇಲೆ ಆ ವಸೂಲಿಯವನು ಹೊಸ ಬೆದರಿಕೆ ಶುರುಮಾಡಿದ. ‘ನಿಮ್ಮ ಆಫೀಸಿಗೇ ನಮ್ಮ ಮನುಷ್ಯನ್ನ ಕಳಿಸ್ತೀವಿ.’ ಅವತ್ತಿನಿಂದ ಕ್ಲಿನಿಕ್ಕಿನ ಗಾಜಿನ ಬಾಗಿಲು ಅಲುಗಿದರೆ ನನ್ನ ಎದೆಯೂ ಅಲುಗುತ್ತಿತ್ತು. ಹಲ್ಲುನೋವಿನವರು ಬರುವುದೇ ಮುಖ ಗಂಟಿಕ್ಕಿಕೊಂಡು. ಎಲ್ಲರೂ ನನಗಾಗಿಯೇ ಬಂದಂತೆ ಕಾಣುತ್ತಿದ್ದರು.

ಒಂದು ಬೆಳಗ್ಗೆ ಬಾಗಿಲಷ್ಟು ಅಗಲದ ಆಳೊಬ್ಬ ಹೆಲ್ಮೆಟ್ ತೆಗೆಯದೆ ಒಳಗೆ ಬಂದ. ಬಗಲಲ್ಲಿ ಚೀಲ. ನನ್ನನ್ನೇ ದುರುಗುಟ್ಟಿ ನೋಡಿ, ಹಲ್ಲು ಕಚ್ಚಿಕೊಂಡು ಕೇಳಿದ: ‘ದುಡ್ಡಿನ ವಿಷಯ ಮಾತಾಡ್ಬೇಕಿತ್ತು. ನೀವೇನಾ ಮೇಡಂ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ತಕ್ಷಣ ಎದ್ದು ಅವನನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಕೈ ಮುಗಿದೆ. ‘ಸಾರ್, ಒಂದನೇ ತಾರೀಕಿನವರೆಗೂ ಟೈಮ್ ಕೊಡಿ. ನಾನು ಓಡಿಹೋಗೋಳಲ್ಲ. ಮನೇಲಿ ಯಾರಿಗೂ ಗೊತ್ತಿಲ್ಲ. ನಮ್ಮತ್ತೆಗೆ ಗೊತ್ತಾದ್ರೆ ನಾನು ಉಳಿಯಲ್ಲ. ಪೂರ್ತಿ ಕೊಡ್ತೀನಿ, ಸ್ವಲ್ಪ ಸ್ವಲ್ಪ ಕೊಡ್ತೀನಿ.’ ಹೇಳುತ್ತಾ ಹೇಳುತ್ತಾ ಮುಯ್ಯಿ, ಬಟ್ಟಲು, ಮೂರು ಕಾರ್ಡು, ಎಲ್ಲ ಹೊರಗೆ ಬಂತು.

ಅವನು ತಲೆಯಾಡಿಸುತ್ತಾ ಕೇಳಿದ. ನೋಡುತ್ತಿದ್ದಂತೆ ಅವನ ಕಣ್ಣಲ್ಲಿ ನೀರು ತುಂಬಿತು. ವಸೂಲಿಯವರಲ್ಲೂ ಕರುಣೆ ಇದೆಯಲ್ಲ ಅಂತ ನನಗೂ ಅಳು ಬಂತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡೆವು.

ಅಷ್ಟರಲ್ಲಿ ನಮ್ಮ ನರ್ಸು, ಹಲಸೂರಲ್ಲೇ ಹುಟ್ಟಿ ಬೆಳೆದ ತಮಿಳಿನವಳು, ಬಾಗಿಲಿಂದ ಕೂಗಿದಳು: ‘ಅಯ್ಯೋ ಅಕ್ಕಾ, ಪೇಷೆಂಟ್‌ನ ಯಾಕೆ ಮೆಟ್ಲಲ್ಲಿ ಕೂರ್ಸಿದೀರ? ಡಾಕ್ಟರಮ್ಮ ಕೂಪಿಡ್ರಾಂಗ, ಒಳಗೆ ಕರೀತಿದಾರೆ! ದವಡೆ ಹಲ್ಲು, ಪಾವಂ, ರಾತ್ರಿಯೆಲ್ಲಾ ನೋವಂತೆ.’

ಅವನು ಹೆಲ್ಮೆಟ್ ತೆಗೆದ. ಒಂದು ಕೆನ್ನೆ ಊದಿ ಬನ್ನಿನಂತಾಗಿತ್ತು.

ಹಲ್ಲು ಕಿತ್ತಾಯಿತು. ನಾನು ತಲೆ ಎತ್ತದೆ ಬಿಲ್ಲು ಮುಂದಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನಿಧಾನವಾಗಿ ಕೈ ಮುಗಿದ:

‘ಮೇಡಂ, ಒಂದನೇ ತಾರೀಕಿನವರೆಗೂ ಟೈಮ್ ಕೊಡಿ. ನಿಮಗೆ ನಾನು ಬಿಡಿಸಿ ಹೇಳ್ಬೇಕಾ?’

ತಲೆಸುತ್ತು

ಅಂತೂ ಮೊದಲ ಕಾರ್ಡು ತೀರಿತು. ಬ್ಯಾಂಕಿನಿಂದ ಮೆಸೇಜು ಬಂದ ದಿನ ಹಲಸೂರು ಕೆರೆಯ ಪಕ್ಕದಲ್ಲಿ ಒಬ್ಬಳೇ ನಿಂತು ಒಂದು ಲೋಟ ಕಬ್ಬಿನ ಹಾಲು ಕುಡಿದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳುವಂತಿರಲಿಲ್ಲ.

ಇನ್ನು ಹೊಸ ಸಾಲ ಆಗಬಾರದು. ಹಾಗಿದ್ದರೆ ಮುಯ್ಯಿ ನಿಲ್ಲಬೇಕು. ನಾನು ಹಾಸಿಗೆ ಹಿಡಿದರೆ ನನ್ನನ್ನು ಬಿಟ್ಟು ಅತ್ತೆಯೂ ಎಲ್ಲಿಗೂ ಹೋಗುವುದಿಲ್ಲ ಅಂತ ಗೊತ್ತಿತ್ತು. ಒಂದು ಗೃಹಪ್ರವೇಶದ ಬೆಳಗ್ಗೆ ನನಗೆ ತಲೆ ಸುತ್ತಿತು. ಮುಂದಿನ ಮದುವೆಗೆ ವಾಂತಿ. ಅದರ ಮುಂದಿನ ನಾಮಕರಣಕ್ಕೆ ಎರಡೂ. ಅತ್ತೆ ಪಕ್ಕದಲ್ಲಿ ಕೂತು ತಲೆ ಸವರುವಾಗ ಪಾಪಪ್ರಜ್ಞೆಯಿಂದ ನಿಜವಾಗಿಯೂ ಹೊಟ್ಟೆ ತೊಳಸುತ್ತಿತ್ತು.

ನೆಂಟರಲ್ಲಿ ಮಾತು ಹಬ್ಬಿತು. ಒಂದು ಸಂಜೆ ಅತ್ತೆಯ ತಂಗಿ ಹಸಿರು ಬಳೆ, ಒಂದು ರೇಷ್ಮೆ ಸೀರೆ, ಚೀಲದ ತುಂಬ ಮಾವಿನಕಾಯಿ ಹೊತ್ತುಕೊಂಡು ಬಂದರು. ನನ್ನ ಗಲ್ಲ ಹಿಡಿದು, ‘ವಯಸ್ಸಾಯ್ತು ಅಂತ ನಾಚ್ಕೋಬೇಡ ಕಣವ್ವಾ. ನಮ್ಮವ್ವ ನನ್ನ ಹೆತ್ತಾಗ ನಮ್ಮಕ್ಕಂಗೆ ಮದ್ವೆ ಗೊತ್ತಾಗಿತ್ತು’ ಅಂದರು.

ಆಗಷ್ಟೇ ಶಿಫ್ಟು ಮುಗಿಸಿ ಬಂದಿದ್ದ ಗಂಡನ ಕೈಯಿಂದ ಊಟದ ಡಬ್ಬಿ ಬಿತ್ತು. ‘ನನಗಾದ್ರೂ ಒಂದು ಮಾತು ಹೇಳ್ಬಾರ್ದಾ?’ ಅಂದರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು.

ಗ್ಯಾಸ್ಟ್ರಿಕ್ ಅಂತ ನಂಬಿಸುವ ಹೊತ್ತಿಗೆ ಸಾಕುಸಾಕಾಯಿತು. ಸೀರೆ ವಾಪಸ್ ತೆಗೆದುಕೊಂಡು ಹೋಗಿ ಅಂದರೆ ಆ ಚಿಕ್ಕತ್ತೆ ಕಿವಿ ಮುಚ್ಚಿಕೊಂಡರು. ‘ಬಿಡ್ತು ಅನ್ನು! ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದು ವಾಪಸ್ ತಗೋತಾರಾ?’

ಹೀಗೆ, ಹುಟ್ಟದೇ ಇದ್ದ ಮಗುವಿನ ಲೆಕ್ಕದಲ್ಲೂ ನನ್ನ ಮೇಲೆ ಒಂದು ಮುಯ್ಯಿ ಕೂತಿತು.

ಮನೆಗೇ ಬಂದವನು

ಎರಡನೆಯ ಕಾರ್ಡೂ ತೀರಿತು. ಮೂರನೆಯದು ದೊಡ್ಡದು. ನಡುವೆ ಮಗಳ ಕಾಲೇಜಿನ ಫೀಸು ಬಂದು ಅದಕ್ಕೆ ಎರಡು ತಿಂಗಳು ಏನೂ ಕಟ್ಟಲಾಗಲಿಲ್ಲ. ಒಂದು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿದ್ದಾಗ ಹೊಸ ನಂಬರಿನಿಂದ ಫೋನು.

‘ಮೇಡಂ, ಬ್ಯಾಂಕ್ ಕಡೆಯಿಂದ. ನಿಮ್ಮ ಮನೆ ಮುಂದೇನೇ ಇದೀನಿ. ಬಾಗಿಲು ತೆಗ್ದಿದೆ, ಒಳಗೆ ಒಬ್ರು ಅಜ್ಜಿ ಇದಾರೆ. ಅವರ ಹತ್ರ ಮಾತಾಡ್ತೀನಿ.’

‘ಬೇಡ ಸಾರ್, ನಾನೇ ಬರ್ತೀನಿ, ಅವರ ಹತ್ರ ಮಾತ್ರ...’ ಅನ್ನುವಷ್ಟರಲ್ಲಿ ಫೋನ್ ಇಟ್ಟ.

ಡಾಕ್ಟರಿಗೆ ಏನು ಹೇಳಿದೆನೋ ನೆನಪಿಲ್ಲ. ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತಿದ್ದೆ. ಅತ್ತೆ ಬಟ್ಟೆ ಗಂಟು ಕಟ್ಟಿಕೊಂಡು ನನ್ನ ನಾದಿನಿಯ ಮನೆಗೆ ಹೊರಟಿರುತ್ತಾರೆ, ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆ, ಒಂದು ಮಾತೂ ಆಡುವುದಿಲ್ಲ ಅಂತ ಕಣ್ಣಿಗೆ ಕಟ್ಟಿದಂತಾಗುತ್ತಿತ್ತು. ಬೆನ್ನಿಗಾನಹಳ್ಳಿಯಲ್ಲಿ ಇಳಿದು ಆಟೋ ಹತ್ತಿದೆ. ಡ್ರೈವರು ಕನ್ನಡಿಯಲ್ಲಿ ನೋಡಿ, ‘ಯಾಕಮ್ಮಾ ಅಳ್ತೀರ, ಆಸ್ಪತ್ರೆಗಾ?’ ಅಂದ. ‘ಮನೆಗೆ’ ಅಂದೆ. ‘ಅರೆ ಅಲ್ಲಾ, ಮನೆಗೆ ಹೋಗೋಕೆ ನಾನೂ ಇಷ್ಟು ಹೆದರಲ್ಲ’ ಅಂದ.

ಮನೆ ಬಾಗಿಲಲ್ಲಿ ಪಾಲಿಷ್ ಹಾಕಿದ ಕರಿ ಬೂಟುಗಳಿದ್ದವು. ಒಳಗೆ ಕಾಲಿಟ್ಟೆ. ಮೂವತ್ತರ ಆಸುಪಾಸಿನವನೊಬ್ಬ, ಇನ್‌ಶರ್ಟ್ ಮಾಡಿಕೊಂಡವನು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ತಟ್ಟೆ, ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಅತ್ತೆ ಎದುರಿಗೆ ಕಾಲು ನೀಡಿಕೊಂಡು ಕೂತಿದ್ದರು. ಅವರು ಬಡಿಸಿದ ಊಟ ಬೇಡ ಅನ್ನುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇಲ್ಲ. ಆದರೆ ಅವನು ಉಣ್ಣುತ್ತಿರಲಿಲ್ಲ. ಬೆವರುತ್ತಿದ್ದ.

‘ಹಂಗಾದ್ರೆ ಕೆರೆ ಏರಿ ಮೇಲಿನ ಮನೆಯೋರ ಮಗಳು ನಿಮ್ಮವ್ವ’ ಅಂದರು ಅತ್ತೆ.

‘ಹೌದಜ್ಜೀ.’

‘ನಿಮ್ಮಕ್ಕನ ಮದ್ವೇಲಿ ನಾನು ಬೆಳ್ಳಿ ಕಾಲ್ಗೆಜ್ಜೆ ಮುಯ್ಯಿ ಇಟ್ಟೆ. ನನ್ನ ಮಗಳ ಮದ್ವೆಗೆ ನಿಮ್ಮವ್ವ ಬಂದ್ಲು. ಪಾಯಸ ಎರಡು ಸಲ ಹಾಕಿಸ್ಕೊಂಡ್ಲು. ಎಲೆ ಅಡಿಕೆ ತಗೊಂಡ್ಲು, ಹೋದ್ಲು. ಮುಯ್ಯಿ ಎಲ್ಲಪ್ಪಾ?’

‘ಅಜ್ಜೀ, ಆಗ ನಾನು ಚಿಕ್ಕೋನು...’

‘ಈಗ ದೊಡ್ಡೋನಾಗಿದೀಯಲ್ಲ. ಊರೋರ ಸಾಲ ವಸೂಲಿ ಮಾಡೋ ಕೆಲ್ಸ. ನಿಮ್ಮನೆ ಬಾಕಿ ಮಾತ್ರ ನೆನಪಿಲ್ವಾ?’

‘ಅಮ್ಮನ ಕೇಳಿ ಹೇಳ್ತೀನಿ...’

‘ಎಲ್ರೂ ಹಿಂಗೇ ಅಂತಾರೆ. ಇವತ್ತು ಎಷ್ಟು ಕೊಡ್ತೀಯ, ಅದನ್ನ ಹೇಳು.’

ಅವನು ನನ್ನ ಕಡೆ ನೋಡಿದ. ನೀರಿಗೆ ಬಿದ್ದವನ ನೋಟ. ನಾನೇನು ಮಾಡಲಿ, ನಾನೂ ಅದೇ ನೀರಿನಲ್ಲಿದ್ದೆ. ಎಡಗೈಯಿಂದ ಒದ್ದಾಡಿ ಪರ್ಸು ತೆಗೆದು ಒಂದು ಐನೂರರ ನೋಟು ಚಾಪೆಯ ಮೇಲಿಟ್ಟ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ ಸೆರಗಿಗೆ ಕಟ್ಟಿಕೊಂಡರು.

‘ಇದು ಬಡ್ಡಿಗಾಯ್ತು. ಅಸಲು ಯಾವಾಗ?’

‘ಒಂದನೇ ತಾರೀಕು ಬರ್ತೀನಜ್ಜೀ’ ಅಂದವನು ಕೈ ತೊಳೆದು, ಬೂಟು ಹಾಕಿಕೊಳ್ಳಲೂ ನಿಲ್ಲದೆ, ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಅವನು ಬಂದ ವಿಷಯ ಹೇಳಿರಲಿಕ್ಕಿಲ್ಲ ಅಂತ ಒಂದು ಸಣ್ಣ ಆಸೆ ಇನ್ನೂ ಇತ್ತು.

‘ಬಂದ ತಕ್ಷಣ ಎಲ್ಲಾ ಹೇಳ್ದ’ ಅಂದರು ಅತ್ತೆ, ತಟ್ಟೆ ಎತ್ತುತ್ತಾ. ‘ಪೂರ್ತಿ ಹೇಳಿ ಮುಗಿಸ್ಲಿ ಅಂತ ಕೇಳಿಸ್ಕೊಂಡೆ. ಆಮೇಲೆ ನಂದು ಶುರು ಮಾಡ್ದೆ.’

ಚಾಪೆಯ ಮೇಲೆ ಕುಸಿದು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಎರಡು ತೀರಿಸಿದ್ದು, ಒಂದು ಉಳಿದದ್ದು, ತಲೆಸುತ್ತಿನ ನಾಟಕ ಕೂಡ. ‘ನೀವು ನನ್ನ ಬಿಟ್ಟು ಹೋಗ್ತೀರ ಅಂತ ಹೆದರಿದ್ದೆ ಅತ್ತೇ.’

ಅತ್ತೆ ತಟ್ಟೆ ಒಳಗಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟರು. ‘ನಿನ್ನ ಮೈದುನ ಮೆರಿಯೋಕೆ ಸಾಲ ಮಾಡ್ದ. ನೀನು ನನ್ನ ಮುಖ ಉಳಿಸೋಕೆ ಮಾಡ್ದೆ. ಬೆಳ್ಳಿ ಕೊಟ್ಟಾಗೆಲ್ಲ ಮಂಟಪದಲ್ಲಿ ಹೆಸರು ಕೂಗ್ಸಿದ್ದು ನಂದು, ನಿಂದಲ್ಲ. ನನಗೆ ಮೊದ್ಲೇ ಹೇಳಿದ್ರೆ ಸ್ಟೀಲ್ ಡಬ್ಬಿಗೇ ನಿಲ್ಲಿಸ್ತಿದ್ದೆ ಕಣೇ, ಪೆದ್ದೀ.’

ಸೆರಗಿನ ಗಂಟು ಬಿಚ್ಚಿ ಆ ಐನೂರನ್ನು ನನ್ನ ಕೈಗಿಟ್ಟರು. ‘ತಗೊ, ಇದನ್ನ ಆ ಕಾರ್ಡಿಗೆ ಕಟ್ಟು. ಅವನ ದುಡ್ಡು ಅವನ ಬ್ಯಾಂಕಿಗೇ ಹೋಗ್ಲಿ.’

ಮರುದಿನವೇ ಕಟ್ಟಿದೆ. ಗಂಡನಿಗೂ ಹೇಳಿದೆ. ಆ ಕಾರ್ಡನ್ನು ಈಗಲೂ ನಾನೇ ತೀರಿಸುತ್ತಿದ್ದೇನೆ, ಇನ್ನು ಸ್ವಲ್ಪವೇ ಉಳಿದಿದೆ.

ಒಂದನೇ ತಾರೀಕು ಬಂತು. ಅವನು ಬರಲಿಲ್ಲ. ಅತ್ತೆ ಸಂಜೆಯವರೆಗೂ ಬಾಗಿಲು ತೆಗೆದಿಟ್ಟುಕೊಂಡು ಕಾದರು. ಆಮೇಲೆ, ‘ಅವನಿಗೊಂದು ಫೋನ್ ಹಚ್ಚು, ಜ್ಞಾಪಿಸೋಣ’ ಅಂದರು.

ಹಚ್ಚಿದೆ. ಅವನು ಎತ್ತಲಿಲ್ಲ.